ಕಾವಲಿಗೆ ಹೊತ್ತುಕೊಂಡು ಹೋದ ಗಿಡಗಳು

ಗಿಡದ ಪೆಟ್ಟಿಗೆಯನ್ನು ಬಸ್ಸಿಗೆ ಹತ್ತಿಸುವಾಗಲೇ ಕಂಡಕ್ಟರಿಗೂ ನನಗೂ ಜಟಾಪಟಿ ಶುರುವಾಯಿತು. ಸಖರಾಯಪಟ್ಟಣದಿಂದ ಕಡೂರಿಗೆ ಹೋಗುವ ಬೆಳಗಿನ ಬಸ್ಸು. ಆಧಾರ್ ಕಾರ್ಡು ಹಿಡಿದು ನಿಂತ ಹೆಂಗಸರು, ಕಾಲೇಜಿನ ಹುಡುಗಿಯರು, ಸೊಪ್ಪಿನ ಗಂಟುಗಳು. ನಡುವೆ ನನ್ನದೊಂದು ಟೊಮೆಟೊ ಪೆಟ್ಟಿಗೆ, ಅದರಲ್ಲಿ ಕರಿ ಪ್ಯಾಕೆಟ್ಟಿನ ಮೂವತ್ತು ಗಿಡ.

"ಏನ್ ಸಾರ್, ತೋಟನೇ ಕಿತ್ಕೊಂಡ್ ಬಂದ್ಬಿಟ್ರಾ?" ಅಂದ ಕಂಡಕ್ಟರು.

"ಕಿತ್ಕೊಂಡ್ ಬಂದಿಲ್ಲ ಕಣಯ್ಯ, ನೆಡೋಕೆ ಹೋಗ್ತಿದೀನಿ. ನಿನ್ನಂಥೋರು ಒಂಚೂರು ಉಸಿರಾಡ್ಲಿ ಅಂತ," ಅಂದೆ.

ಬಸ್ಸಿನಲ್ಲಿ ನಾಲ್ಕು ಜನ ನಕ್ಕರು. ಅವನೂ ನಕ್ಕು, ಪೆಟ್ಟಿಗೆಯನ್ನು ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಇಟ್ಟ. ಅಲ್ಲಿ ಇಂಜಿನ್ನಿನ ಕಾವಿಗೆ ಗಿಡ ಬೆಂದುಹೋಗುತ್ತವೆ ಎಂದು ನಾನು ಮತ್ತೆ ರೇಗಿದೆ. ಕೊನೆಗೆ ಪೆಟ್ಟಿಗೆ ನನ್ನ ತೊಡೆಯ ಮೇಲೇ ಕೂತಿತು. ಕೋಪ ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಯಾರು ಏನು ಮಾಡಿದರೂ ತಿದ್ದುವ ಚಾಳಿ ನಿವೃತ್ತಿಯ ಜೊತೆ ಹೋಗಲಿಲ್ಲ.

ಹೊರಟಿದ್ದು ಅಜ್ಜಂಪುರದ ಆಚೆಯ ಕಾವಲಿಗೆ. ಕಾವಲು ಅಂದರೆ ಕಾಡಲ್ಲ. ಅರಸರ ಕಾಲದಿಂದ ದನಗಳ ಮೇವಿಗೆಂದು ಬಿಟ್ಟ ಬಯಲು. ಕಣ್ಣು ಹಾಯುವಷ್ಟು ದೂರ ಹುಲ್ಲು. ಅಲ್ಲಿ ಐದು ದಿನದ ಶಿಬಿರವೊಂದು ನಡೆಯುತ್ತದೆಂದು ಫೋನಿಗೆ ಸಂದೇಶ ಬಂದಿತ್ತು. 'ಕಾವಲು ಉಳಿಸೋಣ. ತಟ್ಟೆ, ಲೋಟ, ಹೊದಿಕೆ ತನ್ನಿ. ದುಡಿಯುವ ಮನಸ್ಸಿದ್ದರೆ ಸಾಕು.' ಗಿಡ ತನ್ನಿ ಎಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಪರಿಸರದ ಕೆಲಸ ಅಂದಮೇಲೆ ಗಿಡ ನೆಡುವುದೇ ತಾನೆ, ಅದರಲ್ಲಿ ಕೇಳುವುದೇನಿದೆ ಎಂದು ನಾನೇ ಹಿಂದಿನ ದಿನ ತರೀಕೆರೆಗೆ ಹೋಗಿ ನರ್ಸರಿಯಿಂದ ಹೊಂಗೆ, ಬೇವು ಆರಿಸಿ ತಂದಿದ್ದೆ.

ಆ ಕಾವಲು ನನಗೆ ಹೊಸದಲ್ಲ. ಅದರ ಅಂಚಿನಲ್ಲೇ ನಮ್ಮೂರು. ನಾನು ಹುಟ್ಟಿದ ಊರು, ನನ್ನ ಅಣ್ಣ ಈಗಲೂ ಇರುವ ಊರು. ಬಸ್ಸು ಹೋಗುವುದು ಅಲ್ಲಿಯವರೆಗೆ ಮಾತ್ರ. ಅಲ್ಲಿಂದ ಶಿಬಿರಕ್ಕೆ ಬೇರೆ ಗಾಡಿ ನೋಡಿಕೊಳ್ಳಬೇಕು. ಇದನ್ನೆಲ್ಲ ಕೇಳಿದ ನನ್ನ ಹೆಂಡತಿ ಚಪಾತಿ ಕಟ್ಟಿಕೊಡುತ್ತಾ ಮೆಲ್ಲಗೆ ಅಂದಿದ್ದಳು:

"ಭಾವನೋರಿಗೆ ಮೈ ಹುಷಾರಿಲ್ವಂತೆ. ಕಣ್ಣೂ ಮಂಜಾಗಿದೆಯಂತೆ. ಹೆಂಗೂ ಹೋಗ್ತಿದೀರಲ್ಲ, ಒಂದ್ಸಲ ಮಾತಾಡ್ಸ್ಕೊಂಡ್ ಬನ್ರೀ. ಈ ಸಲ ಬಿಟ್ರೆ ಆಮೇಲೆ ಸಿಗ್ತಾರೋ ಇಲ್ವೋ."

"ನಾನು ಗಿಡ ನೆಡೋಕೆ ಹೋಗ್ತಿರೋದು, ನೆಂಟಸ್ತಿಕೆಗಲ್ಲ," ಎಂದುಬಿಟ್ಟೆ. ಅವಳ ಮಾತು ಮಾತ್ರ ಬಸ್ಸು ಹತ್ತಿ ನನ್ನ ಜೊತೆಗೇ ಬಂತು.

ನಾನೂ ನನ್ನಣ್ಣನೂ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಅವ್ವ ಸತ್ತಾಗ ಇಬ್ಬರೂ ಹೆಗಲು ಕೊಟ್ಟೆವು, ಒಂದು ಮಾತಿಲ್ಲ. ನನ್ನ ಮಗಳ ಮದುವೆಗೆ ಅವನು ಬಂದ, ಅಕ್ಷತೆ ಹಾಕಿದ, ಊಟ ಮಾಡಿದ, ಹೊರಟುಹೋದ. ತಪ್ಪು ಯಾರದ್ದು ಎಂದು ಕೇಳಿದವರಿಗೆಲ್ಲ ನಾನು ಅವನದ್ದೇ ಎಂದು ಹೇಳುತ್ತಾ ಬಂದಿದ್ದೆ.

ಕಡೂರಿನಲ್ಲಿ ಇಳಿದು, ಬೀರೂರಿಗೆ ಇನ್ನೊಂದು ಬಸ್ಸು ಹಿಡಿದು, ಅಲ್ಲಿ ರೈಲಿಗೆ ಕಾದೆ. ಅಜ್ಜಂಪುರಕ್ಕೆ ಹೋಗುವ ಪ್ಯಾಸೆಂಜರ್ ಗಾಡಿ ತಡವಾಗಿತ್ತು. ಪೆಟ್ಟಿಗೆಯನ್ನು ನೆರಳಿಗೆ ಎಳೆದು, ನಲ್ಲಿಯ ನೀರು ತಂದು ಗಿಡಗಳಿಗೆ ಚಿಮುಕಿಸಿ, ಕಲ್ಲುಬೆಂಚಿನ ಮೇಲೆ ಕೂತೆ. ಕೂತರೆ ಹಳೆಯದೆಲ್ಲ ನೆನಪಾಗುತ್ತದೆ.

ನಮ್ಮದು ಊರಾಚೆಯ ಕೇರಿ. ಅಪ್ಪ ಬೇಗ ಹೋದ. ಅಣ್ಣ ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟು ಊರೊಳಗಿನ ದೊಡ್ಡ ಮನೆಗಳ ದನ ಕಾಯಲು ಸೇರಿದ. ಆ ಮನೆಗಳ ಅಂಗಳದಾಚೆ ಕೈ ಮುಗಿದು ನಿಂತು, ದನ ಬಿಚ್ಚಿಕೊಂಡು ಕಾವಲಿಗೆ ಹೋಗಿ, ಸಂಜೆ ತಂದು ಕಟ್ಟಿ, ಮತ್ತೆ ಕೈ ಮುಗಿದು ಬರಬೇಕಿತ್ತು. ಶಾಲೆ ಬಿಟ್ಟ ಮೇಲೆ ನಾನು ಕಾವಲಿಗೆ ಓಡಿಹೋಗಿ ಅವನ ಪಕ್ಕ ಹುಲ್ಲಿನಲ್ಲಿ ಬಿದ್ದುಕೊಳ್ಳುತ್ತಿದ್ದೆ. ಅವನು ಪುಸ್ತಕ ತೆಗೆಸಿ ಜೋರಾಗಿ ಓದಿಸುತ್ತಿದ್ದ. ಅವನಿಗೆ ಕಲಿತ ಅಕ್ಷರವೂ ಮರೆತಿತ್ತು, ಆದರೂ ನಾನು ತಡವರಿಸಿದರೆ ತಲೆಗೆ ಮೊಟಕುತ್ತಿದ್ದ.

"ಓದೋ. ನಾನಂತೂ ಮುಗ್ದಿದ್ದಾಯ್ತು. ನಮ್ಮನೇಲಿ ಇನ್ಯಾರೂ ಯಾರ ಮುಂದೆನೂ ಹಿಂಗೆ ಕೈ ಮುಗ್ದು ನಿಂತ್ಕೋಬಾರ್ದು," ಅನ್ನುತ್ತಿದ್ದ.

ನಾನು ಓದಿದೆ. ಟಿಸಿಎಚ್ ಮಾಡಿದೆ, ಮೇಷ್ಟ್ರಾದೆ. ಕೆಲವು ವರ್ಷ ಅಲ್ಲಿ ಇಲ್ಲಿ ತಿರುಗಿ ನಮ್ಮೂರಿನ ಶಾಲೆಗೇ ಬಂದೆ. ಬಯಲನ್ನು ಕಂಡರೆ ನನಗೆ ಆಗ ಸಹಿಸಲಾಗುತ್ತಿರಲಿಲ್ಲ. ಎಷ್ಟೊಂದು ಜಾಗ ಬೋಳಾಗಿ ಬಿದ್ದಿದೆ, ಒಂದು ಮರವಿಲ್ಲ. ಮಳೆಗಾಲ ಬಂದಾಗ ಮಕ್ಕಳ ಕೈಯಲ್ಲಿ ಗಿಡ ಹೊರಿಸಿ ಕಾವಲಿನಲ್ಲಿ ಸಾಲು ಸಾಲಾಗಿ ನೆಡಿಸಿದೆ. ಹೆಚ್ಚಿನವು ಅಕೇಶಿಯಾ, ನೀರು ಕೇಳದೆ ಬೇಗ ಬೆಳೆಯುತ್ತವೆ ಎಂಬ ಆಸೆ. ಮೊದಲ ವರ್ಷ ಅಣ್ಣ ಸುಮ್ಮನಿದ್ದ. ಎರಡನೇ ವರ್ಷ ಮನೆಗೆ ಬಂದು ಹೇಳಿದ.

"ಅಲ್ಲಿ ಮರ ಹಾಕ್ಬೇಡ ಕಣೋ."

"ಯಾಕೆ, ಬೆಳೆಯಲ್ಲ ಅಂತಲಾ?"

"ಬೆಳೀತವೆ. ಅದಕ್ಕೇ ಬ್ಯಾಡ ಅಂತಿರೋದು. ಅವು ಬೆಳೆದ್ರೆ ಹುಲ್ಲು ಹೋಯ್ತದೆ."

"ಹುಲ್ಲು ಹೋದ್ರೆ ಹೋಯ್ತು. ಓದು ಬರಹ ಗೊತ್ತಿಲ್ದಿದ್ರೆ ಸುಮ್ನಿರ್ಬೇಕು," ಅಂದೆ ನಾನು.

ನನ್ನನ್ನು ಓದಿಸಿದವನಿಗೆ ಆಡಿದ ಮಾತು ಇದು. ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಮೂರನೇ ವರ್ಷ ನೆಟ್ಟ ಗಿಡಗಳು ಒಂದು ವಾರದಲ್ಲೇ ಮಾಯವಾದವು. ನೋಡಿದರೆ ಅಷ್ಟೂ ಶಾಲೆಯ ಮೆಟ್ಟಿಲ ಮೇಲಿದ್ದವು, ಬೇರಿಗೆ ಒದ್ದೆ ಗೋಣಿತಾಟು ಸುತ್ತಿ. ಯಾರು ಕಿತ್ತಿದ್ದು ಎಂದು ಕೇಳುವ ಅಗತ್ಯವಿರಲಿಲ್ಲ, ಅವನೇ ಒಪ್ಪಿಕೊಂಡ. ನಾನು ಹಿರೀಕರಿಗೆ ದೂರು ಬರೆದುಕೊಟ್ಟೆ, ಮಕ್ಕಳ ಗಿಡ, ಶಾಲೆಯ ಸೊತ್ತು ಎಂದು. ದಂಡ ಬೇಡ, ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ಸಾಕು ಎಂದು ಅವರು ತೀರ್ಮಾನ ಕೊಟ್ಟರು. ಅಣ್ಣನಾದ್ದರಿಂದ ಬಿಟ್ಟುಬಿಡಿ ಎಂದು ನಾನು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ.

ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಅವನು ಒಗೆದ ಅಂಗಿ ತೊಟ್ಟು ಬಂದು ಬಾವುಟದ ಕಂಬದ ಪಕ್ಕ ನಿಂತ. ಮಕ್ಕಳು ಸಾಲಾಗಿ ನಿಂತಿದ್ದರು. ಅವನು ಕೈ ಮುಗಿದ.

"ತಪ್ಪಾಯ್ತು, ಮಕ್ಳೇ," ಅಂದ.

ನನ್ನ ಕಡೆ ನೋಡಲಿಲ್ಲ. ಅಲ್ಲಿಂದಾಚೆ ನನ್ನೊಂದಿಗೆ ಮಾತಾಡಲೂ ಇಲ್ಲ. ಮೊದಲೆರಡು ವರ್ಷದ ಗಿಡಗಳು ಮರವಾದವು, ನನ್ನ ಹೆಸರು ಮೇಲಿನವರ ಕಿವಿಗೆ ಬಿತ್ತು, ಶಾಲು ಹೊದಿಸಿದರು, ನನಗೆ ಬೇರೆ ಊರಿಗೆ ವರ್ಗವಾಯಿತು.

ರೈಲು ಬಂತು. ಗಿಡದ ಪೆಟ್ಟಿಗೆ ನೋಡಿ ಒಬ್ಬಳು ಮುದುಕಿ ಕಾಲು ಮಡಚಿ ಜಾಗ ಮಾಡಿಕೊಟ್ಟಳು. ಅಜ್ಜಂಪುರದಲ್ಲಿ ಇಳಿದು, ಸ್ಟೇಷನ್ನಿನಿಂದ ಬಸ್ಸು ನಿಲ್ಲುವ ಜಾಗದವರೆಗೆ ಆಟೋದಲ್ಲಿ ಬಂದು, ನಮ್ಮೂರ ಕಡೆಯ ಪ್ರೈವೇಟ್ ಬಸ್ಸು ಹಿಡಿದೆ. ನಮ್ಮೂರ ಬಸ್ ಸ್ಟಾಪಿನಲ್ಲಿ ಒಂದು ಕಲ್ಲುಕಟ್ಟೆಯಿದೆ. ದನ ಕಾಯುವುದು ಬಿಟ್ಟ ಮೇಲೆ ಅಣ್ಣ ದಿನಾ ಸಂಜೆಯವರೆಗೆ ಅಲ್ಲೇ ಕೂತಿರುತ್ತಾನೆ ಎಂದು ಕೇಳಿದ್ದೆ. ಬಸ್ಸು ತಿರುಗುವಾಗ ನಾನು ಪೆಟ್ಟಿಗೆಯನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಅರವತ್ತು ದಾಟಿದ ಮನುಷ್ಯ, ಹೊಂಗೆ ಎಲೆಯ ಸಂದಿಯಿಂದ ಕಳ್ಳನ ಹಾಗೆ ಇಣುಕಿದೆ.

ಕಟ್ಟೆ ಖಾಲಿಯಿತ್ತು.

ಸದ್ಯ, ಬಚಾವ್ ಅನ್ನಿಸಿತು. ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೆದರಿಕೆಯಾಯಿತು. ಯಾಕೆ ಖಾಲಿ? ಹುಷಾರಿಲ್ಲ ಅಂದಿದ್ದಳಲ್ಲ. ಏನಾದರೂ ಆಗಿದ್ದರೆ ನನಗೆ ಹೇಳಿಕಳಿಸುತ್ತಿದ್ದರೇ? ಎದುರಿಗೇ ಟೀ ಅಂಗಡಿ. ಅಂಗಡಿಯ ಹೆಂಗಸು ನನ್ನ ಹಳೆಯ ವಿದ್ಯಾರ್ಥಿನಿ.

"ಬನ್ನಿ ಮೇಷ್ಟ್ರೇ, ಟೀ ಕುಡೀರಿ. ಎಷ್ಟ್ ವರ್ಷ ಆಯ್ತು ಈ ಕಡೆ ಬಂದು," ಅಂದಳು.

ಟೀ ಕುಡಿದೆ. ಅಣ್ಣ ಎಲ್ಲಿ ಎಂದು ಕೇಳಬೇಕು ಅನ್ನಿಸಿತು. ತಮ್ಮನೇ ಬಂದು ಅಂಗಡಿಯಲ್ಲಿ ಅಣ್ಣನ ವಿಚಾರ ಕೇಳುವುದೇ ಎಂದು ಬಾಯಿ ಮುಚ್ಚಿಕೊಂಡೆ. ಅವಳೂ ನನ್ನ ಮುಖ ನೋಡಿ ಆ ಮಾತು ಎತ್ತಲಿಲ್ಲ. ಅಷ್ಟರಲ್ಲಿ ಶಿಬಿರಕ್ಕೆ ಅಕ್ಕಿ, ತರಕಾರಿ ಒಯ್ಯುವ ಲಗೇಜ್ ಆಟೋ ಬಂತು. ಈರುಳ್ಳಿ ಮೂಟೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಹಿಂದುಗಡೆ ಹತ್ತಿ ಕೂತೆ. ಕಟ್ಟೆ ಕಣ್ಣಿಗೆ ಕಾಣುವಷ್ಟು ಹೊತ್ತೂ ಅದನ್ನೇ ನೋಡುತ್ತಿದ್ದೆ.

ಮೊದಲ ಮಳೆಗಳು ಬಿದ್ದು ಮಣ್ಣುದಾರಿ ಕೆಸರಾಗಿತ್ತು. ಕಾವಲಿನೊಳಗೆ ಹೋಗುತ್ತಿದ್ದಂತೆ ಎಡಗಡೆ ನನ್ನ ಮರಗಳು ಕಂಡವು. ಎತ್ತರಕ್ಕೆ ಬೆಳೆದು ಒತ್ತೊತ್ತಾಗಿ ನಿಂತಿದ್ದವು. ಹೆಮ್ಮೆಪಡಬೇಕು ಅಂದುಕೊಂಡು ಕೆಳಗೆ ನೋಡಿದೆ. ಉದುರಿದ ಎಲೆ ಚಾಪೆ ಹಾಸಿದಂತೆ ಬಿದ್ದಿತ್ತು. ಅದರಡಿಯಿಂದ ಒಂದು ಹುಲ್ಲುಕಡ್ಡಿ ಎದ್ದಿರಲಿಲ್ಲ. ನಾನು ಬಿದ್ದುಕೊಂಡು ಪಾಠ ಓದುತ್ತಿದ್ದ ಜಾಗ ಅದೇ ಆಸುಪಾಸು. ಸಾಲಿನಾಚೆ, ನಾನು ನೆಡದ ಕಡೆಗೂ ಅದೇ ಜಾತಿಯ ಮರಿಗಿಡಗಳು ಹಬ್ಬಿದ್ದವು.

ಶಿಬಿರ ಅಂದರೆ ಎರಡು ಟೆಂಟು, ಒಂದು ತಗಡಿನ ಶೆಡ್ಡು, ಒಂದು ನೀರಿನ ಡ್ರಮ್ಮು. ಇಪ್ಪತ್ತು ಮಂದಿಯಿರಬಹುದು, ಹೆಚ್ಚಿನವರು ಹುಡುಗ ಹುಡುಗಿಯರು. ನೋಡಿಕೊಳ್ಳುತ್ತಿದ್ದವಳು ಮೂವತ್ತರ ಒಳಗಿನ ಹೆಣ್ಣುಮಗಳು, ಕೈತುಂಬ ಗೀರುಗಾಯ. ಪೆಟ್ಟಿಗೆ ನೋಡಿ ಅವಳು ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದಳು.

"ಸಾರ್... ನಾವಿಲ್ಲಿ ಗಿಡ ನೆಡಲ್ಲ."

"ಮತ್ತೇನ್ ಮಾಡ್ತೀರಿ?"

"ಕೀಳ್ತೀವಿ ಸಾರ್. ಮಳೆ ಬಿದ್ದು ನೆಲ ಮೆತ್ತಗಾಗಿದೆ, ಬೇರು ಸಮೇತ ಬರತ್ತೆ. ಹುಲ್ಲು ಉಳೀಬೇಕಂದ್ರೆ ಇವು ಹೋಗ್ಬೇಕು."

ನನಗೆ ರೇಗಿಹೋಯಿತು. ಆರು ಗಾಡಿ ಹತ್ತಿ ಇಳಿದು ತೊಡೆಯ ಮೇಲೆ ಹೊತ್ತು ತಂದಿದ್ದೇನೆ, ಮರ ಕೀಳುವುದು ಯಾವ ಸೀಮೆ ಪರಿಸರ ಎಂದು ಎಲ್ಲರಿಗೂ ಕೇಳುವ ಹಾಗೆ ಅಂದೆ. ಅವಳು ಶೆಡ್ಡಿನ ಕಡೆ ಕೈ ತೋರಿಸಿದಳು.

"ಮೇಷ್ಟ್ರ ಪಾಠ ಈಗ ಶುರುವಾಗತ್ತೆ. ಒಂದ್ಸಲ ಕೇಳಿ ಸಾರ್. ಆಮೇಲೆ ಬೈಯಿರಿ."

ಯಾವುದೋ ಕಾಲೇಜಿನ ಮೇಷ್ಟ್ರಿರಬೇಕು, ವಿಚಾರಿಸಿಕೊಳ್ಳೋಣ ಎಂದು ಶೆಡ್ಡಿನೊಳಗೆ ಹೋದೆ. ಹುಡುಗರು ನೆಲದ ಮೇಲೆ ಸುತ್ತ ಕೂತಿದ್ದರು. ನಡುವೆ ಗೋಣಿಚೀಲದ ಮೇಲೆ ಕೂತವನು ನನ್ನ ಅಣ್ಣ.

ಸದ್ಯ, ಇದ್ದಾನೆ ಅನ್ನಿಸಿತು. ಕಂಬ ಹಿಡಿದು ಹಿಂದೆಯೇ ನಿಂತೆ. ಅವನು ಬಡಕಲಾಗಿದ್ದ. ಕಣ್ಣಿನ ಪಾಪೆ ಬೂದಿ ಬಣ್ಣಕ್ಕೆ ತಿರುಗಿತ್ತು. ಮುಂದೆ ಹುಲ್ಲಿನ ಕಟ್ಟುಗಳಿದ್ದವು. ಒಂದೊಂದನ್ನೇ ಎತ್ತಿ ಬೆರಳಲ್ಲಿ ತಿಕ್ಕಿ, ಮೂಸಿ ಹೆಸರು ಹೇಳುತ್ತಿದ್ದ. ಇದು ಹಂಚಿ, ಕಸಪೊರಕೆ ಕಟ್ಟೋದು. ಇದು ಗರಿಕೆ. ಹುಡುಗರು ಬರೆದುಕೊಳ್ಳುತ್ತಿದ್ದರು. "ಮೇಷ್ಟ್ರೇ, ಇನ್ನೊಂದ್ಸಲ ಹೇಳಿ" ಎಂದು ಅವನನ್ನು ಕೇಳುತ್ತಿದ್ದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ಮೇಷ್ಟ್ರಾಗಿ ಕೂತಿದ್ದ. ನಾನು ಹೊರಗಿನವನ ಹಾಗೆ ನಿಂತಿದ್ದೆ.

ಇವತ್ತು ಬಂದವರು ಹೆಸರು, ಊರು ಹೇಳಿ ಎಂದಳು ಆ ಹೆಣ್ಣುಮಗಳು. ನನ್ನ ಸರದಿ ಬಂತು. ಹೇಳಿದೆ. ಅಣ್ಣನ ಬೆರಳು ಹುಲ್ಲಿನ ಮೇಲೆ ನಿಂತಿತು. ಆಮೇಲೆ ಆ ಕಟ್ಟಿನಿಂದ ಕಡ್ಡಿಗಳನ್ನು ಎಳೆದ.

"ಇದು ಕರಡ. ಹೊಸಬ್ರಿಗೂ ಒಂದೊಂದು ಕೊಡ್ರಪ್ಪ," ಅಂದ. ಕಡ್ಡಿ ಕೈಯಿಂದ ಕೈಗೆ ದಾಟಿ ನನ್ನ ತನಕ ಬಂತು.

"ಇದರ ಬುಡದಲ್ಲಿ ನೆಲಗುಬ್ಬಿ ಮೊಟ್ಟೆ ಇಡ್ತದೆ. ನೆರಳು ಬಿದ್ರೆ ಈ ಹುಲ್ಲು ಬದುಕಲ್ಲ. ಹುಲ್ಲು ಹೋದ್ರೆ ಗುಬ್ಬಿ ಹೋಯ್ತು, ಜಿಂಕೆ ಹೋಯ್ತು, ಅದ್ರ ಹಿಂದೆ ತೋಳನೂ ಹೋಯ್ತು. ದನ ಹೊಡ್ಕೊಂಡ್ ಬಂದೋರು ಎಲ್ಲಿಗೆ ಹೋಗೋದು?"

ಮುಂದೆ ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು: "ಮತ್ತೆ ಈ ಮರ ಹಾಕಿದ್ದು ಯಾರು, ಮೇಷ್ಟ್ರೇ?"

ನಾನು ಕಂಬವನ್ನು ಬಿಗಿಯಾಗಿ ಹಿಡಿದುಕೊಂಡೆ.

"ಯಾರೋ ಒಳ್ಳೇದಾಗ್ಲಿ ಅಂತ ಹಾಕಿದ್ರು ಕಣವ್ವ," ಅಂದ ಅಣ್ಣ. "ಪಾಪ, ಗೊತ್ತಿರ್ಲಿಲ್ಲ ಅವ್ರಿಗೆ."

ಗೊತ್ತಿರಲಿಲ್ಲ ಎಂಬುದು ಸುಳ್ಳು. ನನಗೆ ಗೊತ್ತಿತ್ತು. ಮನೆಗೆ ಬಂದು ಅವನೇ ಹೇಳಿದ್ದ.

ಅವತ್ತು ನಾನು ಯಾರೊಂದಿಗೂ ಜಗಳಕ್ಕೆ ಹೋಗಲಿಲ್ಲ. ಅಣ್ಣ ಕತ್ತಲಾಗುವ ಮೊದಲೇ ಲಗೇಜ್ ಆಟೋದಲ್ಲಿ ಊರಿಗೆ ಹೋದ. ಹೋಗುವಾಗ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೂ ಆ ಕಣ್ಣಿಗೆ ನಾನು ಎಷ್ಟು ಕಾಣುತ್ತಿದ್ದೆನೋ ಗೊತ್ತಿಲ್ಲ. ನಾನಂತೂ ಹತ್ತಿರ ಹೋಗಲಿಲ್ಲ. ಏನೆಂದು ಶುರು ಮಾಡುವುದು? ಇಪ್ಪತ್ತು ವರ್ಷ ಅವನು ನನ್ನ ಜೊತೆ ಮಾತಾಡಲಿಲ್ಲ ಎಂದು ದೂರುತ್ತಿದ್ದೆನೇ ಹೊರತು, ನಾನೇ ಹೋಗಿ ಒಂದು ಮಾತಾಡಿರಲಿಲ್ಲ.

ಬೆಳಿಗ್ಗೆ ತಟ್ಟೆ ತೊಳೆಯಲು ಡ್ರಮ್ಮಿನ ಬಳಿ ಹೋದೆ. ನನ್ನ ಪೆಟ್ಟಿಗೆ ಅದರ ಪಕ್ಕದ ನೆರಳಿನಲ್ಲಿತ್ತು. ನಾನು ಬಿಟ್ಟದ್ದು ಟೆಂಟಿನ ಮುಂದೆ ಬಿಸಿಲಿಗೆ. ಮೂವತ್ತು ಪ್ಯಾಕೆಟ್ಟಿಗೂ ನೀರು ಬಿದ್ದಿತ್ತು, ಮೇಲೆ ಒದ್ದೆ ಗೋಣಿತಾಟು ಮುಚ್ಚಿತ್ತು.

"ಮೇಷ್ಟ್ರು ನಿನ್ನೆ ಹೋಗೋವಾಗ ಹಾಕಿದ್ರು," ಅಂದಳು ಅಡುಗೆಯವಳು. "ಮೊದ್ಲ ಆಟೋಗೇ ಬಂದು ಈಗ್ಲೂ ಮುಟ್ಟಿ ನೋಡಿದ್ರು. ಹೊಂಗೆ ಒಳ್ಳೇ ಮರ, ಸಾಯಿಸ್ಬಾರ್ದು, ಊರಲ್ಲಿ ಬಸ್ಸಿಗೆ ಕಾಯೋರಿಗೆ ನೆರಳಿಲ್ಲ, ಅಲ್ಲಿಗಾಯ್ತದೆ ಅಂದ್ರು."

ನಾನು ತಟ್ಟೆಯನ್ನು ಅಲ್ಲೇ ಇಟ್ಟು ನಿಂತುಬಿಟ್ಟೆ. ಇಂಥದೇ ಗೋಣಿತಾಟನ್ನು ಆಗ ಶಾಲೆಯ ಮೆಟ್ಟಿಲ ಮೇಲೆ ನೋಡಿದ್ದೆ. ಕಿತ್ತ ಗಿಡ ಒಣಗದಿರಲಿ, ಬೇರೆಲ್ಲಾದರೂ ನೆಡಲಿ ಎಂದು ಅವನು ಬೇರು ಸುತ್ತಿ ತಂದಿಟ್ಟಿದ್ದ. ಅದನ್ನು ನನ್ನ ಮುಖಕ್ಕೆ ಬಿಸಾಡಿದ್ದು ಎಂದು ಓದಿಕೊಂಡವನು ನಾನು. ಅಳು ಬಂತು. ಅತ್ತೆ ಎಂದು ಹೇಳಿಕೊಳ್ಳಲು ಈಗ ನನಗೇನೂ ಸಂಕೋಚವಿಲ್ಲ.

ಕೆಲಸಕ್ಕೆ ಹೋಗುವ ಮೊದಲು ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಯಾರು ಎಲ್ಲಿ ಕೀಳಬೇಕೆಂದು ಹಂಚುತ್ತಾರೆ. ಅಣ್ಣ ಒಂದು ಪಕ್ಕಕ್ಕೆ ಕೋಲೂರಿ ನಿಂತಿದ್ದ. ನಾನು ಸಾಲು ಬಿಟ್ಟು ಮುಂದೆ ಬಂದೆ. ಜನರ ಮುಂದೆ ನಿಂತು ಮಾತಾಡುವುದೇ ನನ್ನ ಕಸುಬಾಗಿತ್ತು. ಅವತ್ತು ಮೆಲ್ಲಗೆ ಶುರು ಮಾಡಿದೆ.

"ನಿನ್ನೆ ಕೇಳಿದ್ರಲ್ಲ, ಈ ಮರ ಹಾಕಿದ್ದು ಯಾರು ಅಂತ. ನಾನು," ಅಂದೆ. "ಗೊತ್ತಿಲ್ದೆ ಅಲ್ಲ. ಇವರು ನನ್ನ ಸ್ವಂತ ಅಣ್ಣ. ಬೇಡ ಅಂತ ಹೇಳಿದ್ರು, ನಾನು ಕೇಳ್ಲಿಲ್ಲ. ಇವರು ಗಿಡ ಕಿತ್ತಿದ್ದಕ್ಕೆ ಶಾಲೆ ಮಕ್ಕಳ ಮುಂದೆ ಕೈ ಮುಗಿಸಿ ನಿಲ್ಲಿಸ್ದೆ. ನಮ್ಮನೇಲಿ ಇನ್ಯಾರೂ ಹಾಗೆ ನಿಲ್ಬಾರ್ದು ಅಂತ ನನ್ನ ಓದಿಸಿದ್ದು ಇವರೇ."

ನಾನು ಅಣ್ಣನ ಕಡೆ ತಿರುಗಿ ಎರಡೂ ಕೈ ಜೋಡಿಸಿದೆ. ತಪ್ಪಾಯ್ತು ಅನ್ನಬೇಕೆಂದು ಬಾಯಿ ತೆರೆದೆ.

ಅವನು ಕೋಲನ್ನು ಕೆಳಗೆ ಬಿಟ್ಟು, ತಡವರಿಸಿಕೊಂಡು ಹತ್ತಿರ ಬಂದ. ನನ್ನ ಮೊಣಕೈ ಹುಡುಕಿ, ಅಲ್ಲಿಂದ ಮುಂಗೈ ಹುಡುಕಿ, ಜೋಡಿಸಿದ್ದ ಎರಡೂ ಕೈಗಳನ್ನು ಬಿಡಿಸಿ ಕೆಳಗೆ ಇಳಿಸಿದ.

"ಕೈ ಇಳ್ಸೋ," ಅಂದ. "ನಮ್ಮನೇಲಿ ನಾನೊಬ್ಬ ನಿಂತಿದ್ದೇ ಸಾಕು."